ನಮ್ಮ ಟ್ಯಾಂಕಿನ ಹೊಳೆ ನೀರು: ಪರೀಕ್ಷೆಗೆ ಯಾರು ಯಾರು ಇದ್ದೀರಿ?

ಪಂಪಿನ ಸಮಿತಿ: ಎಲ್ಲರಿಗೂ ನಮಸ್ಕಾರ. ಶಿರಿಯಾ ಹೊಳೆಯಿಂದ ಟ್ಯಾಂಕಿಗೆ ಬರುವ ನೀರು ವಾಸನೆ ಹೊಡೆಯುತ್ತಿದೆ. ಹೊಳೆಗೆ ಅಡ್ಡ ಕಟ್ಟ ಹಾಕಿದ ಮೇಲೆ ಹರಿವೂ ಕಡಿಮೆ. ಕೆಳಗಿನ ಎರಡು ಮನೆಯ ಮಕ್ಕಳಿಗೆ ವಾಂತಿ-ಭೇದಿ. ನೀರೇ ಕಾರಣ ಅಂತ ಈಗಲೇ ಹೇಳಲಾಗದು. ಭಾನುವಾರ ಸ್ಯಾಂಪಲ್ ತೆಗೆಯೋಣವಾ?

ಅಂಗಡಿ ಅಣ್ಣ: ಸುಮ್ನೆ ಯಾಕೆ ಖರ್ಚು? ಮೊನ್ನೆ ಫಿಲ್ಟರ್ ಮಾರುವವನು ಟಿಡಿಎಸ್ ಮೀಟರ್ ಅದ್ದಿ ನೋಡಿದ. 90 ಬಂತು. 500ರ ಒಳಗಿದ್ದರೆ ಒಳ್ಳೆ ನೀರಂತೆ.

ಕೆಮಿಸ್ಟ್ರಿ ಟೀಚರ್: ಅಣ್ಣಾ, ಆ ಮೀಟರಿಗೆ ಗೊತ್ತಾಗುವುದು ಕರಗಿದ ಉಪ್ಪು, ಖನಿಜ ಮಾತ್ರ. ರೋಗಾಣು ಅದಕ್ಕೆ ಕಾಣುವುದೇ ಇಲ್ಲ. ಕಕ್ಕಸುಗುಂಡಿ ಸೋರಿ ಸೇರಿದ ನೀರಿಗೂ 90 ತೋರಿಸೀತು. ಕುಡಿಯುವ ನೀರಿನ ಭಾರತೀಯ ಮಾನದಂಡ ಐಎಸ್ 10500 ಪ್ರಕಾರ 100 ಮಿ.ಲೀ. ನೀರಿನಲ್ಲಿ ಇ. ಕೋಲಿ, ಅಂದರೆ ಮಲದಿಂದ ಬರುವ ಬ್ಯಾಕ್ಟೀರಿಯಾ, ಒಂದೂ ಇರಬಾರದು. ಮೊದಲು ಅದನ್ನೇ ನೋಡಿಸಬೇಕು.

ಹೊಳೆಬದಿ ಮನೆ: ಉಪ್ಪನ್ನೂ ನೋಡಿಸಿ ಟೀಚರ್. ಎಪ್ರಿಲಿನಲ್ಲಿ ಚಹಾ ಬಾಯಿಗಿಡಲು ಆಗುವುದಿಲ್ಲ. ಕುದಿಸಿದರೂ ಅಷ್ಟೇ.

ಕೆಮಿಸ್ಟ್ರಿ ಟೀಚರ್: ಕುದಿಸಿದರೆ ರೋಗಾಣು ಸಾಯುತ್ತದೆ, ಉಪ್ಪು ಹೋಗುವುದಿಲ್ಲ. ನೀರು ಆವಿಯಾಗಿ ಹೋದಷ್ಟು ಉಪ್ಪು ಜಾಸ್ತಿಯೇ ಆಗುತ್ತದೆ. ಉಪ್ಪು ಎಷ್ಟಿದೆ ಅಂತ ತಿಳಿಯಲು ಕ್ಲೋರೈಡ್ ಪರೀಕ್ಷೆಯನ್ನೂ ಬರೆಸೋಣ. ಲೀಟರಿಗೆ 250 ಮಿ.ಗ್ರಾಂ ಒಳಗಿರಬೇಕು, ಬೇರೆ ನೀರೇ ಇಲ್ಲದಿದ್ದರೆ 1000ದವರೆಗೆ ಒಪ್ಪುತ್ತಾರೆ.

ಗುಡ್ಡೆ ಮನೆ: ಎಂಡೋಸಲ್ಫಾನ್? ಗೇರು ತೋಟಕ್ಕೆ ಸಿಂಪಡಿಸುತ್ತಿದ್ದ ಆ ಕೀಟನಾಶಕವನ್ನು ನಮ್ಮ ಕಾಸರಗೋಡು ಜಿಲ್ಲೆಯಲ್ಲಿ ಕೇಳದೆ ಇರುವುದು ಹೇಗೆ!

ಕೆಮಿಸ್ಟ್ರಿ ಟೀಚರ್: ಕೇಳಬೇಕಾದ್ದೇ. ಆದರೆ ಮಾಮೂಲು ಪರೀಕ್ಷೆಯಲ್ಲಿ ಕೀಟನಾಶಕ ಸಿಗುವುದಿಲ್ಲ, ಅದು ಬೇರೆಯೇ ಪರೀಕ್ಷೆ, ದುಡ್ಡೂ ಜಾಸ್ತಿ. ಈಗಿನ ಭೇದಿಗೆ ಮೊದಲು ರೋಗಾಣು ನೋಡೋಣ.

ಆಟೋ ಅಣ್ಣ: ಭಾನುವಾರ ಲ್ಯಾಬ್ ಬಾಗಿಲು ಹಾಕಿರುತ್ತದೆ ಮಾರಾಯ್ರೇ. ಸೋಮವಾರ ಬೆಳಿಗ್ಗೆ ನಾನು ಕಾಸರಗೋಡಿಗೆ ಹೋಗುವವನು, ಕೊಡಿ.

ಕೆಮಿಸ್ಟ್ರಿ ಟೀಚರ್: ಅದೇ ಸರಿ. ಬಾಟಲಿ ಲ್ಯಾಬಿನಿಂದಲೇ ಮೊದಲೇ ತನ್ನಿ, ಸೋಡಾ ಬಾಟಲಿ ನಡೆಯುವುದಿಲ್ಲ. ಮುಚ್ಚಳದ ಒಳಗೆ ಬೆರಳು ತಾಗಿಸಬೇಡಿ. ಪಂಪಿನ ಪೈಪ್ ನೀರೆಳೆಯುವಲ್ಲೇ, ಒಂದು ಗೇಣು ಆಳದಲ್ಲಿ, ಬಾಯಿ ಹರಿವಿಗೆ ಎದುರು ಮಾಡಿ ತುಂಬಿಸಿ. ಮೇಲೆ ಸ್ವಲ್ಪ ಖಾಲಿ ಇರಲಿ. ಟ್ಯಾಂಕಿನ ನಲ್ಲಿಯದ್ದು ಇನ್ನೊಂದು ಬಾಟಲಿ. ಹೊಳೆಗಿಂತ ಟ್ಯಾಂಕೇ ಕೆಟ್ಟಿರಬಹುದು, ಯಾರಿಗೆ ಗೊತ್ತು. ಬ್ಲೀಚಿಂಗ್ ಪುಡಿ ಹಾಕಿದ್ದರೆ ಲ್ಯಾಬಿನವರಿಗೆ ಹೇಳಿ, ಅದಕ್ಕೆ ಬೇರೆ ಬಾಟಲಿ. ಐಸಿನಲ್ಲಿಟ್ಟು ಆರು ಗಂಟೆಯೊಳಗೆ ತಲುಪಿಸಿ.

ಪಂಪಿನ ಸಮಿತಿ: ಆಯಿತು, ಸೋಮವಾರ. ವರದಿ ಬರುವವರೆಗೆ ಎಲ್ಲರೂ ಕುದಿಸಿಯೇ ಕುಡಿಯಿರಿ. ಮನೆಗೆ 50 ರೂಪಾಯಿ, ಅಂಗಡಿಯಲ್ಲಿ ಕೊಡಿ.

ಅಂಗಡಿ ಅಣ್ಣ: ಐಸ್ ನನ್ನದು. ಮೀನಿನ ಪೆಟ್ಟಿಗೆ ಆಗುತ್ತದಾ ಟೀಚರ್?

ಕೆಮಿಸ್ಟ್ರಿ ಟೀಚರ್: ಸೋಪು ಹಾಕಿ ತೊಳೆದು ಕೊಟ್ಟರೆ ಆಗುತ್ತದೆ ಅಣ್ಣಾ.