ಪಾಸ್‌ವರ್ಡ್ ಕೊಟ್ಟರೂ ಡೆಸ್ಕ್‌ಟಾಪ್ ತೆರೆಯದಿದ್ದಾಗ: ಅನುಭವ ಹಂಚಿಕೆ

ಪ್ರಶ್ನೆ: ಪಾಸ್‌ವರ್ಡ್ ಕೊಟ್ಟ ಕೂಡಲೇ ಪರದೆ ಒಂದು ಕ್ಷಣ ಕಪ್ಪಾಗಿ, ಮತ್ತೆ ಲಾಗಿನ್ ಪರದೆಯೇ ಬಂದು ನಿಲ್ಲುತ್ತಿದೆ. ಲಿನಕ್ಸನ್ನು ಹೊಸದಾಗಿ ಹಾಕಿಕೊಳ್ಳದೆ ಇದನ್ನು ಸರಿಪಡಿಸಿಕೊಂಡವರು ದಯವಿಟ್ಟು ತಿಳಿಸಬೇಕು.

ಮೊದಲ ಉತ್ತರ: ಹೊಸದಾಗಿ ಹಾಕುವ ಯೋಚನೆಯನ್ನು ಸದ್ಯಕ್ಕೆ ಬಿಟ್ಟುಬಿಡಿ. ಲಾಗಿನ್ ಪರದೆ ಸರಿಯಾಗಿ ಕಾಣಿಸುತ್ತಿದೆ ಎಂದರೆ ಗ್ರಾಫಿಕ್ಸ್ ಡ್ರೈವರ್ ಬಹುಮಟ್ಟಿಗೆ ಕೆಲಸ ಮಾಡುತ್ತಿದೆ ಎಂದೇ ಅರ್ಥ. ಇಂತಹ ತೊಡಕು ಹೆಚ್ಚಾಗಿ ನಮ್ಮ ಹೋಮ್ ಫೋಲ್ಡರಿನಲ್ಲಿಯೇ ಇರುತ್ತದೆ. ಕಂಟ್ರೋಲ್, ಆಲ್ಟ್, ಎಫ್3 ಕೀಲಿಗಳನ್ನು ಒಟ್ಟಿಗೆ ಒತ್ತಿ, ತೆರೆದುಕೊಳ್ಳುವ ಅಕ್ಷರ ಮಾತ್ರದ ಕನ್ಸೋಲಿನಲ್ಲಿ ಅದೇ ಪಾಸ್‌ವರ್ಡಿನಿಂದ ಲಾಗಿನ್ ಆಗಿ.

ಅಲ್ಲಿ ಮೊದಲು ‘ಡಿಎಫ್ -ಎಚ್’ ಎಂಬ ಆದೇಶ ಕೊಟ್ಟು ಡಿಸ್ಕಿನಲ್ಲಿ ಜಾಗವಿದೆಯೇ ಎಂದು ನೋಡಿ. ನನಗೆ ಹೀಗಾದಾಗ ರೂಟ್ ವಿಭಾಗದ (ಲಿನಕ್ಸ್ ಇರುವ ಡಿಸ್ಕಿನ ಮುಖ್ಯ ಭಾಗ) ಸಾಲಿನಲ್ಲಿ 100%, ಅಂದರೆ ಪೂರ್ತಿ ತುಂಬಿದೆ, ಎಂದಿತ್ತು. ಡೆಸ್ಕ್‌ಟಾಪ್ ಶುರುವಾಗುವಾಗ ಹೋಮ್ ಫೋಲ್ಡರಿನಲ್ಲಿ ಕೆಲವು ಸಣ್ಣ ಕಡತಗಳನ್ನು ಬರೆಯಲೇಬೇಕಾಗುತ್ತದೆ. ಜಾಗವಿಲ್ಲದಿದ್ದರೆ ಅದು ಕಾರಣವನ್ನೂ ಹೇಳದೆ ಮುಚ್ಚಿಕೊಳ್ಳುತ್ತದೆ. ಇಎಕ್ಸ್‌ಟಿ4 (ಲಿನಕ್ಸಿನಲ್ಲಿ ಕಡತಗಳನ್ನು ಜೋಡಿಸಿಡುವ ಒಂದು ವಿಧಾನ) ವಿಭಾಗಗಳಲ್ಲಿ ಸಾಮಾನ್ಯವಾಗಿ 5% ಜಾಗ ಎಲ್ಲ ಅಧಿಕಾರವಿರುವ ‘ರೂಟ್’ ಬಳಕೆದಾರನಿಗೆಂದೇ ಮೀಸಲಾಗಿರುವುದರಿಂದ, ರೂಟ್ ಹೆಸರಿನಲ್ಲಿ ನಡೆಯುವ ಸೇವೆಗಳು ಎಂದಿನಂತೆ ನಡೆಯುತ್ತಿದ್ದರೂ ನಮ್ಮ ಖಾತೆಗೆ ಮಾತ್ರ ಒಂದು ಸಾಲು ಬರೆಯಲೂ ಆಗುವುದಿಲ್ಲ. ‘ಸುಡೊ ಜರ್ನಲ್‌ಸಿಟಿಎಲ್ --ವ್ಯಾಕ್ಯೂಮ್-ಸೈಜ್=200ಎಂ’ ಎಂದು ಕೊಟ್ಟು (‘ಸುಡೊ’ ಎಂದರೆ ಆದೇಶವನ್ನು ರೂಟ್ ಅಧಿಕಾರದಲ್ಲಿ ನಡೆಸು ಎಂದು) ಹಳೆಯ ಲಾಗ್‌ಗಳನ್ನು ಅಳಿಸಿದ ಮೇಲೆ ನನ್ನ ಡೆಸ್ಕ್‌ಟಾಪ್ ಮೊದಲ ಯತ್ನಕ್ಕೇ ತೆರೆದುಕೊಂಡಿತು.

ಜಾಗವಿದ್ದರೆ, ಹೋಮ್ ಫೋಲ್ಡರಿನಲ್ಲಿ ಚುಕ್ಕಿಯಿಂದ ಶುರುವಾಗುವ ‘.ಎಕ್ಸ್‌ಅಥಾರಿಟಿ’ ಕಡತದ (ಪರದೆ ಬಳಸಲು ಬೇಕಾದ ಅನುಮತಿ ಇದರಲ್ಲಿರುತ್ತದೆ) ಒಡೆತನವನ್ನು ‘ಎಲ್‌ಎಸ್ -ಎಲ್’ ಆದೇಶದಿಂದ ನೋಡಿ. ಸುಡೊ ಹಾಕಿ ಗ್ರಾಫಿಕಲ್ ಪ್ರೋಗ್ರಾಂ ನಡೆಸಿದ್ದರೆ ಅಲ್ಲಿ ನಿಮ್ಮ ಹೆಸರಿನ ಬದಲು ‘ರೂಟ್’ ಎಂದಿರಬಹುದು. ಆ ಕಡತದ ಹೆಸರನ್ನು ಬದಲಿಸಿಟ್ಟರೆ ಸಾಕು, ಮುಂದಿನ ಲಾಗಿನ್ ವೇಳೆ ಹೊಸದು ತಾನಾಗಿಯೇ ಹುಟ್ಟಿಕೊಳ್ಳುತ್ತದೆ.

ಇನ್ನೊಬ್ಬರ ಉತ್ತರ: ನನ್ನ ಅನುಭವ ಬೇರೆ ಬಗೆಯದು, ಕರ್ನಲ್ (ಲಿನಕ್ಸಿನ ತಿರುಳಾದ ಪ್ರೋಗ್ರಾಂ) ಅಪ್‌ಡೇಟ್ ಆದ ಮೇಲೆ ಲಾಗಿನ್ ಪರದೆಯೇ ಬರುತ್ತಿರಲಿಲ್ಲ. ಕಂಪ್ಯೂಟರ್ ಶುರುವಾಗುವಾಗ ಬರುವ ಗ್ರಬ್ ಮೆನುವಿನಿಂದ ಹಿಂದಿನ ಕರ್ನಲ್ ಆರಿಸಿದಾಗ ಎಲ್ಲವೂ ಸರಿಯಾಗಿ ಬಂದದ್ದರಿಂದ, ಪ್ರತ್ಯೇಕವಾಗಿ ಹಾಕಿದ್ದ ಗ್ರಾಫಿಕ್ಸ್ ಡ್ರೈವರಿನ ಮಾಡ್ಯೂಲ್ ಹೊಸ ಕರ್ನಲ್‌ಗೆ ಸಿದ್ಧವಾಗಿಲ್ಲ ಎಂಬುದು ತಿಳಿಯಿತು. ಆ ಕರ್ನಲ್‌ನ ಹೆಡರ್ ಪ್ಯಾಕೇಜು (ಮಾಡ್ಯೂಲ್ ಕಟ್ಟಲು ಬೇಕಾದ ಕಡತಗಳು) ಹಾಕಿದೊಡನೆ, ಕರ್ನಲ್‌ಗೆ ತಕ್ಕಂತೆ ಮಾಡ್ಯೂಲ್ ಕಟ್ಟುವ ಸಾಧನವಾದ ಡಿಕೆಎಂಎಸ್ ಮಾಡ್ಯೂಲನ್ನು ಕಟ್ಟಿಕೊಟ್ಟಿತು. ಹಳೆಯ ಕರ್ನಲ್ ಉಳಿದಿಲ್ಲದವರು ಗ್ರಬ್‌ನಲ್ಲಿ ‘ಇ’ ಕೀಲಿ ಒತ್ತಿ, ‘ಲಿನಕ್ಸ್’ ಎಂದು ಶುರುವಾಗುವ ಸಾಲಿನ ಕೊನೆಗೆ ‘ನೋಮೋಡ್‌ಸೆಟ್’ (ಗ್ರಾಫಿಕ್ಸ್ ಡ್ರೈವರನ್ನು ಬಿಟ್ಟು ಸರಳ ಪರದೆಯಲ್ಲಿ ಶುರುಮಾಡು ಎಂಬ ಸೂಚನೆ) ಎಂದು ಸೇರಿಸಿ ಎಫ್10 ಒತ್ತಬಹುದು. ಈ ಬದಲಾವಣೆ ಆ ಒಂದು ಬೂಟ್‌ಗೆ ಮಾತ್ರ ಅನ್ವಯಿಸುತ್ತದೆ.

ಪ್ರಶ್ನೆ ಕೇಳಿದವರು: ಇಬ್ಬರಿಗೂ ಕೃತಜ್ಞತೆಗಳು. ಹೋಮ್ ವಿಭಾಗದಲ್ಲಿ ಜಾಗ ಧಾರಾಳವಾಗಿಯೇ ಇತ್ತು, ಆದರೆ ‘ಡಿಎಫ್ -ಐ’ ಎಂದು ಕೊಟ್ಟಾಗ ಐನೋಡ್‌ಗಳ (ಪ್ರತಿ ಕಡತಕ್ಕೂ ಒಂದರಂತೆ ಬೇಕಾಗುವ ನಮೂದು) ಬಳಕೆ 100% ಎಂದು ತೋರಿಸಿತು. ಒಂದು ಪ್ರೋಗ್ರಾಂ ಕ್ಯಾಶ್ ಫೋಲ್ಡರಿನಲ್ಲಿ ಲಕ್ಷಗಟ್ಟಲೆ ಪುಟ್ಟ ಕಡತಗಳನ್ನು ತುಂಬಿತ್ತು. ಅವನ್ನು ಅಳಿಸಿದ ಮೇಲೆ ಡೆಸ್ಕ್‌ಟಾಪ್ ಬಂದಿದೆ.