ನಟಿಯ ಹೆಸರಿಟ್ಟರು, ಸ್ಪೆಲ್ಲಿಂಗ್ ಮಾತ್ರ ನಮ್ಮೂರಿನದು

ಎರಡು_ಓ_ಒಂದು_ವೈ:

ಎಲ್ಲರಿಗೂ ನಮಸ್ಕಾರ. ನನ್ನ ಹೆಸರು ಜೂಯಿ. ಸರಿಯಾಗೇ ಓದಿದಿರಿ. ಜೂಹಿ ಅಲ್ಲ, ಜೂಯಿ.

ಊರು ನಾಗಮಂಗಲದ ಹತ್ತಿರ ಒಂದು ಹಳ್ಳಿ, ಈಗ ಇರುವುದು ಬೆಂಗಳೂರಿನಲ್ಲಿ. ಹುಟ್ಟಿದ್ದು 1988ರಲ್ಲಿ. ಹಿಂದಿನ ವರ್ಷ 'ಪ್ರೇಮಲೋಕ' ಬಂದಿತ್ತು, ಗೊತ್ತಲ್ಲ, ರವಿಚಂದ್ರನ್, ಹಂಸಲೇಖರ ಹಾಡುಗಳು, ಬೈಕು, ಜೂಹಿ ಚಾವ್ಲಾ. ಅಪ್ಪ ಆಗ ಲಾರಿ ಕ್ಲೀನರ್. ಆ ಸಿನಿಮಾ ಎಷ್ಟು ಸಲ ನೋಡಿದೆ ಅಂತ ಕೇಳಿದರೆ ಇವತ್ತಿಗೂ ಲೆಕ್ಕ ಕೊಡಲ್ಲ, ಅಮ್ಮ ಪಕ್ಕದಲ್ಲೇ ಇರುತ್ತಾರಲ್ಲ. ಅಜ್ಜಿ ಮನೆದೇವರ ಹೆಸರೇ ಆಗಬೇಕು ಅಂತ ಕೂತರಂತೆ. ಕೊನೆಗೆ ತೊಟ್ಟಿಲಲ್ಲಿ ಚೌಡಮ್ಮ, ಸ್ಕೂಲಿಗೆ ಜೂಹಿ ಅಂತ ರಾಜಿ ಆಯಿತು.

ಒಂದನೇ ಕ್ಲಾಸಿಗೆ ಸೇರಿಸುವಾಗ ಅಪ್ಪ ಹೇಳಿದರು, ಮೇಷ್ಟ್ರು ಬರೆದುಕೊಂಡರು. ನಮ್ಮ ಕಡೆ ಹಾಲು ಆಲಾಗುತ್ತದೆ, ಹೂವು ಊವಾಗುತ್ತದೆ. ಜೂಹಿ ಜೂಯಿ ಆದಳು. ಎಸ್ಸೆಸ್ಸೆಲ್ಸಿ ಮಾರ್ಕ್ಸ್ ಕಾರ್ಡಿನಲ್ಲಿ ಇಂಗ್ಲಿಷಿಗೆ ತಿರುಗಿಸಿದವರು ಯಾರೋ, ಜೆ ಹಾಕಿ ಎರಡು ಓ ಹಾಕಿ ವೈ ಐ ಹಾಕಿದರು. ಆಧಾರ್ ಮಾಡಿಸುವಾಗ ಅಲ್ಲಿದ್ದ ಹುಡುಗ 'ಓ, ಜೂಹಿ ಚಾವ್ಲಾ ಥರಾನಾ?' ಅಂತ ನಕ್ಕು, ನಾನು ಬಾಯಿ ಬಿಡುವ ಮೊದಲೇ ನಟಿಯ ಸ್ಪೆಲ್ಲಿಂಗ್ ಒತ್ತಿಬಿಟ್ಟ. ಪ್ಯಾನ್ ಕಾರ್ಡಿನಲ್ಲಿ ಒಂದು ಓ ಕಾಣೆಯಾಗಿದೆ. ಅದನ್ನು ನೋಡಿ ಲೋನ್ ಬೇಕಾ ಅಂತ ಫೋನ್ ಮಾಡುವವರು 'ಜಾಯ್ ಸರ್ ಇದ್ದಾರಾ' ಅಂತಾರೆ. 'ಇಲ್ಲ, ಊರಿಗೆ ಹೋಗಿದ್ದಾರೆ' ಅಂತ ಹೇಳಿ ಇಡುತ್ತೇನೆ. ಇಷ್ಟು ವರ್ಷದಲ್ಲಿ ಈ ಹೆಸರಿಂದ ಆದ ಉಪಕಾರ ಅಂದರೆ ಇದೊಂದೇ.

ಈಗ ಅಸಲು ವಿಷಯ. ಮಗಳ ಜನನ ಪ್ರಮಾಣಪತ್ರದಲ್ಲಿ ತಾಯಿಯ ಹೆಸರು ಜೂಯಿ. ನನ್ನ ಆಧಾರ್‌ನಲ್ಲಿ ಜೂಹಿ. ಸ್ಕೂಲ್ ಆಫೀಸಿನಲ್ಲಿ ಎರಡೂ ಒಂದೇ ಇರಬೇಕು ಅಂತ ಎರಡು ಸಲ ವಾಪಸ್ ಕಳಿಸಿದರು. ನನ್ನ ಯಜಮಾನರು ಹೇಳುವುದು, ಎಲ್ಲ ಕಡೆ ಜೂಹಿ ಅಂತ ಮಾಡಿಸಿಬಿಡು, ಅದೇ ಸರಿಯಾದ ಹೆಸರಲ್ವಾ ಅಂತ. ನನಗೆ ಯಾಕೋ ಮನಸ್ಸಿಲ್ಲ. 37 ವರ್ಷ ಈ ಹೆಸರಿಗೆ ಓ ಅಂದಿದ್ದೇನೆ. ಆದರೆ ತಪ್ಪು ಸ್ಪೆಲ್ಲಿಂಗನ್ನೇ ಹಿಡಿದುಕೊಂಡು ಕೂರುವುದೂ ಪೆದ್ದುತನ ಅನ್ನಿಸುತ್ತದೆ. ಇಂಥ ಹೆಸರು ಹೊತ್ತವರು ಯಾರಾದರೂ ಇದ್ದೀರಾ? ಯಾವ ಕಡೆಗೆ ಸರಿ ಮಾಡಿಸಿದಿರಿ?

ಆಟೋ_ಇಲ್ಲದ_ರಾಜ:

ಮೇಡಂ, ನಿಮ್ಮದು ಒಂದಕ್ಷರದ ಕಷ್ಟ. ನನ್ನ ಹೆಸರು ಶಂಕರ್‌ನಾಗ್. ಬಿಡಿಸಿ ಬರೆಯಬೇಡಿ, ಒಂದೇ ಪದ.

1990ರ ಸೆಪ್ಟೆಂಬರ್ 30ಕ್ಕೆ ಆನಗೋಡಿನ ಹತ್ತಿರ ಆ ಅಪಘಾತ ಆಯಿತಲ್ಲ, ಅದಾಗಿ ಮೂರು ವಾರಕ್ಕೆ ನಾನು ಹುಟ್ಟಿದೆ. ಅದೂ ದಾವಣಗೆರೆಯಲ್ಲಿ. ಅದೂ ಆಟೋ ಓಡಿಸುವವರ ಮನೆಯಲ್ಲಿ. ಬೇರೆ ಹೆಸರಿನ ಮಾತೇ ಬರಲಿಲ್ಲವಂತೆ.

ಪಾಸ್‌ಪೋರ್ಟ್ ಅರ್ಜಿ ತುಂಬಿಸಿಕೊಟ್ಟ ಪುಣ್ಯಾತ್ಮ ಅದನ್ನ ಎರಡು ಮಾಡಿ, ಶಂಕರ್ ಹೆಸರು, ನಾಗ್ ಸರ್‌ನೇಮ್ ಅಂತ ಹಾಕಿದ. ಬಂಗಾಳಿಗಳಲ್ಲಿ ನಾಗ್ ಅನ್ನುವ ಸರ್‌ನೇಮ್ ನಿಜವಾಗಲೂ ಇದೆ. ಮೊದಲ ಕೆಲಸಕ್ಕೆ ಸೇರಿದ ದಿನ ಕೋಲ್ಕತ್ತಾದ ಒಬ್ಬರು ಎಚ್‌ಆರ್ ಮೇಡಂ ನನ್ನ ಹತ್ತಿರ ಬಂದು ಬಂಗಾಳಿಯಲ್ಲಿ ಏನೇನೋ ಪ್ರೀತಿಯಿಂದ ಕೇಳಿದರು. ನಾನು ಬೆಣ್ಣೆದೋಸೆ ಊರಿನವನು ಮೇಡಂ ಅಂದೆ. ಅವರಿಗೆ ಅದೂ ಅರ್ಥ ಆಗಲಿಲ್ಲ.

ತಮಾಷೆ ಏನು ಅಂದರೆ ಶಂಕರ್ ನಾಗ್, ಅನಂತ್ ನಾಗ್ ಅಣ್ಣತಮ್ಮಂದಿರಿಗೂ ಅದು ಪೂರ್ತಿ ಹೆಸರಲ್ಲ. ಅಡ್ಡಹೆಸರು ನಾಗರಕಟ್ಟೆ, ಹೊನ್ನಾವರದ ಕಡೆಯವರು. ಅವರು ಅರ್ಧ ಕತ್ತರಿಸಿ ನಾಗ್ ಮಾಡಿಕೊಂಡರು, ಆ ಅರ್ಧವನ್ನು ನಮ್ಮಪ್ಪ ತಂದು ನನ್ನ ಬಾಲಕ್ಕೆ ಕಟ್ಟಿದರು. ಈಗ ನನ್ನ ಮಗಳ ಹೆಸರಿನ ಮುಂದೂ ನಾಗ್ ಇದೆ. ಯಾವ ವಂಶ ನಮ್ಮದು, ದೇವರಿಗೇ ಗೊತ್ತು.

ಅಂದಹಾಗೆ, ಈ ಹೆಸರು ಕೇಳಿ ಆಟೋದವರು ಮೀಟರ್ ಮೇಲೆ ಕೇಳದೆ ಬಂದದ್ದು ಇದುವರೆಗೆ ಎರಡೇ ಸಲ. ಒಬ್ಬರು ದುಡ್ಡೇ ತಗೊಳ್ಳಲಿಲ್ಲ, ಗಾಡಿ ಹಿಂದೆ ಶಂಕರ್ ನಾಗ್ ಅವರದೇ ಫೋಟೋ ಇತ್ತು.

ನಾನು ಬದಲಾಯಿಸಲಿಲ್ಲ. ನೀವೂ ಬೇಡ ಅಂತ ನನ್ನ ಓಟು.

ಸೀದಾ_ಮಾತು:

ಇಷ್ಟಕ್ಕೆಲ್ಲ ಒಂದು ಪೋಸ್ಟಾ? ನೋಟರಿ ಹತ್ತಿರ ಹೋಗಿ ಒಂದು ಅಫಿಡವಿಟ್ ಮಾಡಿಸಿ, ಮುಗೀತು.

ಟೋಕನ್_ನಂಬರ್_47:

ಸೀದಾ ಮಾತಿನವರೇ, ಮುಗಿಯಲ್ಲ. ನಾನು ತಾಲ್ಲೂಕು ಕೇಂದ್ರವೊಂದರಲ್ಲಿ ಅರ್ಜಿ ತುಂಬಿಸುವ ಅಂಗಡಿ ಇಟ್ಟಿದ್ದೇನೆ. ದಿನಾ ನೋಡುವುದು ಇದನ್ನೇ. ಅಫಿಡವಿಟ್ ಅಂದರೆ 'ಇವಳೂ ಅವಳೂ ಒಬ್ಬಳೇ' ಅಂತ ನೀವೇ ಹೇಳಿಕೊಂಡ ಹಾಗೆ. ಕೆಲವು ಕಡೆ ಅಷ್ಟಕ್ಕೇ ಸುಮ್ಮನಾಗುತ್ತಾರೆ, ಸ್ಕೂಲಿನವರು ಒಪ್ಪಿದರೂ ಒಪ್ಪಬಹುದು, ಮೊದಲು ಅದನ್ನೇ ಕೇಳಿ ನೋಡಿ. ಆದರೆ ದಾಖಲೆಯಲ್ಲಿರುವ ಹೆಸರು ಅದರಿಂದ ಬದಲಾಗುವುದಿಲ್ಲ. ಮುಂದಿನ ಸಲ ಮತ್ತೆ ಅದೇ ರಾಮಾಯಣ.

ಅಕ್ಕಾ, ನಿಮ್ಮ ಹತ್ತಿರ ಯಾವುದು ಹಳೆಯ ದಾಖಲೆ? ಮಾರ್ಕ್ಸ್ ಕಾರ್ಡ್. ಅದರಲ್ಲಿ ಜೂಯಿ. ಮಗಳ ಜನನ ಪ್ರಮಾಣಪತ್ರದಲ್ಲೂ ಜೂಯಿ. ಅಂದರೆ ಅಲುಗಾಡಿಸಲು ಕಷ್ಟ ಇರುವ ಎರಡೂ ಒಂದೇ ಕಡೆ ಇವೆ. ಜೂಹಿ ಅಂತ ಮಾಡಿಸಲು ಹೊರಟರೆ ನೀವು ಓದಿದ ಶಾಲೆಗೆ ಹೋಗಬೇಕು, ಅಲ್ಲಿಂದ ಪರೀಕ್ಷಾ ಮಂಡಳಿಗೆ ಹೋಗಬೇಕು, ಮಗಳ ಪ್ರಮಾಣಪತ್ರಕ್ಕೆ ಜನನ ಮರಣ ನೋಂದಣಿ ಆಫೀಸಿಗೆ ಬೇರೆ ಅಲೆಯಬೇಕು. ಪೂರ್ತಿ ಹೆಸರು ಬದಲಾವಣೆ ಅಂತ ಹೋದರೆ ಪೇಪರಿನಲ್ಲಿ ಜಾಹೀರಾತು, ಗೆಜೆಟ್, ಅದು ಇನ್ನೊಂದು ಕಥೆ. ಜೂಯಿಗೆ ತರುವುದಾದರೆ ಆಧಾರ್ ಮತ್ತು ಪ್ಯಾನ್ ಎರಡೇ. ಮೊದಲು ಆಧಾರ್, ಆಮೇಲೆ ಅದನ್ನು ನೋಡಿಕೊಂಡು ಪ್ಯಾನ್. ಉಲ್ಟಾ ಮಾಡಬೇಡಿ.

ಒಂದು ಎಚ್ಚರಿಕೆ. ಆಧಾರ್‌ನಲ್ಲಿ ಹೆಸರು ಬದಲಾಯಿಸಲು ಜೀವನದಲ್ಲಿ ಎರಡೇ ಅವಕಾಶ. ಮೊನ್ನೆ ಒಬ್ಬರು ಬಂದಿದ್ದರು, ಮಾಲಾಶ್ರೀ ಅಂತ ಹೆಸರು. 'ನಂಜುಂಡಿ ಕಲ್ಯಾಣ' ಬಂದಮೇಲೆ ಹುಟ್ಟಿದವರು ಅಂತ ಕೇಳದೇನೇ ಗೊತ್ತಾಗುತ್ತದೆ. ಮೊದಲ ಸಲ ಮಾಲಾಸಿರಿ ಅಂತ ಇದ್ದದ್ದನ್ನು ಮಾಲಾ ಶ್ರೀ ಅಂತ ಜಾಗ ಬಿಟ್ಟು ಮಾಡಿಸಿದ್ದಾರೆ, ಎರಡನೇ ಸಲ ಜಾಗ ತೆಗೆಸಲು ಹೋಗಿ ಒಂದು ಎಚ್ ಹೋಗಿದೆ. ಈಗ ಅವಕಾಶ ಮುಗಿದಿದೆ. ಕಣ್ಣಲ್ಲಿ ನೀರು ಹಾಕಿಕೊಂಡು ಕೂತಿದ್ದರು ಪಾಪ. ಹಾಗಾಗಿ ಸ್ಕ್ರೀನ್ ನಿಮ್ಮ ಕಡೆ ತಿರುಗಿಸಿ ಅಂತ ಹೇಳಿ, ಒಂದೊಂದೇ ಅಕ್ಷರ ಬೆರಳಿಟ್ಟು ಓದಿ, ಕನ್ನಡದ್ದೂ ಓದಿ, ಆಮೇಲೆ ಹೂಂ ಅನ್ನಿ. ಹಿಂದೆ ಜನ ಕಾಯುತ್ತಿದ್ದಾರೆ ಅಂತ ಸಂಕೋಚ ಬೇಡ.

ಬಳಪದ_ಮೇಷ್ಟ್ರು:

ಈ ಪಾಪದಲ್ಲಿ ನನಗೂ ಪಾಲಿದೆ ಅಂತ ಬರೆಯುತ್ತಿದ್ದೇನೆ. ಮಂಡ್ಯ ಜಿಲ್ಲೆಯಲ್ಲೇ ಮೇಷ್ಟ್ರಾಗಿದ್ದೆ, ಈಗ ನಿವೃತ್ತಿ. ಜೂನ್ ತಿಂಗಳಲ್ಲಿ ಅಡ್ಮಿಷನ್ ಅಂದರೆ ಜಾತ್ರೆ. ಮಕ್ಕಳ ಅಳು ಒಂದು ಕಡೆ, ಹೊಲಕ್ಕೆ ಹೊತ್ತಾಯಿತು ಅನ್ನುವ ಅಪ್ಪಂದಿರು ಒಂದು ಕಡೆ. ಹುಟ್ಟಿದ ದಿನ ಗೊತ್ತಿಲ್ಲದವರಿಗೆಲ್ಲ ಜೂನ್ 1 ಅಂತ ಹಾಕಿದವರು ನಾವೇ. ಹೆಸರನ್ನೂ ಕಿವಿಗೆ ಬಿದ್ದ ಹಾಗೆ ಬರೆದೆವು.

ನಮ್ಮ ಕಡೆ ಅಂಬರೀಶಣ್ಣನ ಹೆಸರು ಮನೆಗೊಂದು. ಒಂದು ವರ್ಷ ಒಂದೇ ಕ್ಲಾಸಿನಲ್ಲಿ ಮೂವರು ಇದ್ದರು. ಒಬ್ಬ ಅಂಬರೀಶ, ಒಬ್ಬ ಅಂಬರೀಷ, ಇನ್ನೊಬ್ಬ ಅಂಬ್ರೇಸ. ಪುರಾಣದ ರಾಜನ ಹೆಸರು ಷಕಾರದ್ದು, ನಟನ ಹೆಸರನ್ನು ಪೇಪರಿನವರೇ ಎರಡೂ ಥರ ಬರೆಯುತ್ತಿದ್ದರು, ಹಾಗಾಗಿ ಮೊದಲಿಬ್ಬರ ಮಟ್ಟಿಗೆ ನನ್ನದು ತಪ್ಪಿಲ್ಲ. ಮೂರನೆಯವನನ್ನು ಸರಿ ಮಾಡೋಣ ಅಂತ ಹೋದರೆ ಅವರಪ್ಪ, 'ಇರಲಿ ಬುಡಿ ಸಾ, ಮೂರು ಜನದಲ್ಲಿ ಗುರುತು ಸಿಕ್ತದೆ' ಅಂದರು. ನಿಜ ಹೇಳಬೇಕು ಅಂದರೆ ನನಗೂ ಹಾಜರಿ ಕೂಗುವಾಗ ಅನುಕೂಲವೇ ಆಯಿತು.

ಇನ್ನು ಸರಿಯಾದ ಹೆಸರು ಅಂತೀರಲ್ಲ. ಅಂಬರೀಶ್ ಹುಟ್ಟು ಹೆಸರಲ್ಲಿ ಅಮರನಾಥ್. ವಿಷ್ಣುವರ್ಧನ್ ಸಂಪತ್ ಕುಮಾರ್ ಆಗಿದ್ದವರು, 1972ರಲ್ಲಿ 'ನಾಗರಹಾವು' ಮಾಡುವಾಗ ಪುಟ್ಟಣ್ಣ ಕಣಗಾಲ್ ಹೆಸರು ಬದಲಾಯಿಸಿದ್ದು. 1954ರ 'ಬೇಡರ ಕಣ್ಣಪ್ಪ'ಕ್ಕೆ ಮೊದಲು ರಾಜಕುಮಾರ್ ಮುತ್ತುರಾಜ್ ಆಗಿದ್ದರು. ಪುನೀತ್ ಲೋಹಿತ್ ಆಗಿದ್ದ. ಅವರೆಲ್ಲ ಅಪ್ಪ ಅಮ್ಮ ಇಟ್ಟ ಹೆಸರನ್ನು ಮನೆಯಲ್ಲಿ ಬಿಟ್ಟು ಬಂದರು, ನಮ್ಮ ಜನ ಅವರ ಸಿನಿಮಾ ಹೆಸರನ್ನು ತಂದು ಮಕ್ಕಳಿಗೆ ಇಟ್ಟರು. ಅದರಲ್ಲಿ ಒಂದು ಹಕಾರ ಹೋದರೆ ಹೋಗಲಿ ಬಿಡಮ್ಮ.

ಸೀದಾ_ಮಾತು:

ಸರಿ ಮೇಷ್ಟ್ರೇ, ಒಪ್ಪಿದೆ. ನಮ್ಮಣ್ಣನ ಜನ್ಮದಿನವೂ ಜೂನ್ 1.

ಕುಂದಾ_ಕರದಂಟು:

ಇಷ್ಟು ಜನ ಬರೆದಿದ್ದೀರಿ, ಯಾರೂ ಈ ಮಾತು ಹೇಳಲಿಲ್ಲವಲ್ಲ! ನಾನು ಬೆಳಗಾವಿಯವಳು. ಜೂಯಿ ಅನ್ನುವುದು ತಪ್ಪು ಸ್ಪೆಲ್ಲಿಂಗ್ ಅಲ್ಲವೇ ಅಲ್ಲ ಅಕ್ಕಾರ. ಹಿಂದಿಯಲ್ಲಿ ಜೂಹಿ ಅಂದರೆ ಒಂದು ಜಾತಿಯ ಮಲ್ಲಿಗೆ, ಸಣ್ಣ ಹೂವು, ಘಮ ಜಾಸ್ತಿ. ಅದೇ ಹೂವಿಗೆ ಮರಾಠಿಯಲ್ಲಿ ಜುಯಿ ಅಂತಾರೆ. ಜಾಯಿ, ಜುಯಿ ಅಂತ ಜೋಡಿಯಾಗಿಯೇ ಹೇಳುತ್ತಾರೆ. ಜಾಯಿ ಅಂದರೆ ನಮ್ಮ ಜಾಜಿ. ನಮ್ಮ ಓಣಿಯಲ್ಲೇ ಇಬ್ಬರು ಜುಯಿ ಇದ್ದಾರೆ, ಅವರ ಅಪ್ಪಂದಿರು ಯಾವ ನಟಿಯನ್ನೂ ನೆನೆದು ಇಟ್ಟದ್ದಲ್ಲ. ನಿಮ್ಮ ಮೇಷ್ಟ್ರು ಹಕಾರ ನುಂಗಿ ಬರೆದದ್ದು ಇಲ್ಲಿ ಮೊದಲಿಂದ ಇರುವ ಹೆಸರೇ. ಯಜಮಾನರಿಗೆ ಹೋಗಿ ಹೇಳಿ.

ಎರಡು_ಓ_ಒಂದು_ವೈ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಟೋಕನ್ ನಂಬರಿನವರೇ, ನನ್ನದು ಇನ್ನೂ ಎರಡು ಅವಕಾಶವೂ ಬಾಕಿ ಇದೆ, ಶನಿವಾರ ಆಧಾರ್ ಕೇಂದ್ರಕ್ಕೆ ಹೋಗುತ್ತಿದ್ದೇನೆ. ಜೂಯಿ ಅಂತಲೇ. ಯಜಮಾನರು ಮರಾಠಿ ವಿಷಯ ಕೇಳಿ ಸುಮ್ಮನಾದರು, ಮಗಳು ಮಾತ್ರ ಹಾಗಾದರೆ ನನ್ನ ಹೆಸರು ಜಾಯಿ ಅಂತ ಯಾಕಿಡಲಿಲ್ಲ ಅಂತ ಜಗಳಕ್ಕೆ ಬಿದ್ದಿದ್ದಾಳೆ.

ನಿನ್ನೆ ರಾತ್ರಿ ಊರಿಗೆ ಫೋನ್ ಮಾಡಿ ಅಪ್ಪನಿಗೆ ಎಲ್ಲ ಹೇಳಿದೆ. ಹೂವಿನ ಹೆಸರಂತೆ, ಬೆಳಗಾವಿ ಕಡೆ ಹೀಗೇ ಇಡುತ್ತಾರಂತೆ, ಮೇಷ್ಟ್ರು ತಪ್ಪು ಬರೆದಿಲ್ಲವಂತೆ ಅಂತ. ಅಪ್ಪನಿಗೆ ಸಿಟ್ಟೇ ಬಂತು. 'ಅದೆಲ್ಲ ನಂಗೊತ್ತಿಲ್ಲ ಕಣವ್ವ, ಆ ಮೇಷ್ಟ್ರು ಬರೆದಿದ್ದು ತಪ್ಪೇ. ನಾನು ಸರಿಯಾಗೇ ಬುಡಿಸಿ ಬುಡಿಸಿ ಯೋಳಿದ್ದೆ, ಜೂ...ಯಿ ಅಂತ' ಅಂದರು.