ಲೆಸ್ಸರ್ರೋ ಗ್ರೇಟರ್ರೋ? ಸ್ಯಾಂಡ್ ಪ್ಲೋವರ್ ನೋಡಿ ಪಳಗಿದವರು ಹೇಳಿ

ಕೇಳಿದವರು: ಅಳಿವೆಯ ಕೆಸರುಬಯಲಲ್ಲಿ ಚಳಿಗಾಲಕ್ಕೆ ವಲಸೆ ಬರುವ ಸಣ್ಣ ತೀರಹಕ್ಕಿಗಳು, ಇನ್ನೂರರಷ್ಟು ಸ್ಯಾಂಡ್ ಪ್ಲೋವರ್‌ಗಳಿವೆ. ಲೆಸ್ಸರ್, ಗ್ರೇಟರ್ ಎರಡೂ ಜಾತಿ ಬೆರೆತಿರಬೇಕು. ಎಲ್ಲವೂ ಚಳಿಗಾಲದ ಬೂದುಗಂದು ಬಣ್ಣದಲ್ಲಿವೆ, ಎದೆಯ ಕೆಂಪು ಒಂದಕ್ಕೂ ಇಲ್ಲ. ಕೈಯಲ್ಲಿರೋದು 8×42 ಬೈನಾಕ್ಯುಲರ್. ಬೇರ್ಪಡಿಸೋದು ಹೇಗೆ? ಮುಂದೆ ಟ್ರೈಪಾಡಿನ ಮೇಲಿಡುವ ಸ್ಕೋಪ್ (ದೂರದರ್ಶಕ) ತಗೊಳ್ಳಲೋ, ಕ್ಯಾಮೆರಾಗೆ ಉದ್ದದ ಲೆನ್ಸೋ?

ಉಪ್ಪುಗಾಳಿ: ಸ್ಕೋಪ್ ತಗೊಳ್ಳಿ, ಎರಡನೇ ಮಾತಿಲ್ಲ. ಈ ಜೋಡಿಯಲ್ಲಿ ಮೊದಲು ನೋಡಬೇಕಾದ್ದು ಕೊಕ್ಕು. ಕೊಕ್ಕಿನ ಬುಡದಿಂದ ಕಣ್ಣಿನ ಹಿಂದಂಚಿನವರೆಗಿನ ದೂರವೇ ಅಳತೆಗೋಲು. ಕೊಕ್ಕು ಅದಕ್ಕಿಂತ ಎದ್ದು ಕಾಣುವಷ್ಟು ಉದ್ದವಿದ್ದರೆ ಗ್ರೇಟರ್, ಸಮ ಇದ್ದರೆ ಅಥವಾ ಗಿಡ್ಡವಿದ್ದರೆ ಲೆಸ್ಸರ್. ಗ್ರೇಟರ್ ಕೊಕ್ಕು ದಪ್ಪ, ತುದಿ ನಿಧಾನಕ್ಕೆ ಚೂಪಾಗುತ್ತೆ. ಲೆಸ್ಸರ್‌ದು ಗಿಡ್ಡ, ಮೊಂಡು. ದೂರದಲ್ಲಿ ಕೂತ ಹಕ್ಕಿಯಲ್ಲಿ ಇದನ್ನೆಲ್ಲ 8 ಪಟ್ಟಿನಲ್ಲಿ ಹೇಳೋಕಾಗಲ್ಲ.

ಹೊರೆ ಉಂಟು, ಮುಚ್ಚಿಡಲ್ಲ. 80 ಮಿ.ಮೀ. ಸ್ಕೋಪು, ಟ್ರೈಪಾಡು, ಹೆಡ್ಡು ಸೇರಿದರೆ ನಾಲ್ಕು ಕೆ.ಜಿ. ಹತ್ತಿರ ಬರುತ್ತೆ. ಹಗುರ ಅಂತ ಕಡ್ಡಿಯಂಥ ಟ್ರೈಪಾಡ್ ತಂದರೆ ಗಾಳಿಗೆ 30 ಪಟ್ಟಿನಲ್ಲೇ ಚಿತ್ರ ನಡುಗಿ, ಕೊಕ್ಕಿನ ತುದಿ ಎಲ್ಲಿ ಮುಗಿಯಿತು ಅನ್ನೋದೇ ತಿಳಿಯಲ್ಲ. ನಡುಗಂಬ ಎತ್ತಬೇಡಿ, ಕಾಲುಗಳನ್ನು ಗಿಡ್ಡ ಮಾಡಿ ಕೂತು ನೋಡಿ. ಭಾರಕ್ಕೆ ಚೀಲ ತೂಗುಹಾಕಿದರೆ ಅದರ ತಳ ನೆಲ ಮುಟ್ಟಿರಲಿ, ಇಲ್ಲದಿದ್ದರೆ ಚೀಲವೇ ಗಾಳಿಗೆ ಜೋಲಾಡಿ ಇನ್ನಷ್ಟು ಅಲ್ಲಾಡಿಸುತ್ತೆ. ಮೆತ್ತನೆ ಕೆಸರಾದರೆ ಮೂರು ಕಾಲಿಗೂ ಅಂಗೈಯಗಲದ ಹಲಗೆ ಚೂರು ಬೇಕು. ವಾಪಸ್ ಬಂದಮೇಲೆ ಕಾಲುಗಳನ್ನು ಪೂರ್ತಿ ಎಳೆದು, ಸಿಹಿನೀರಲ್ಲಿ ತೊಳೆದು, ಎಳೆದಿದ್ದಂತೆಯೇ ಒಣಗಿಸಿ. ಉಪ್ಪು ಒಳಗೇ ಉಳಿದರೆ ತಿರುಗಿಸುವ ಲಾಕ್‌ಗಳು ಕಚ್ಚಿಕೊಳ್ಳುತ್ತವೆ. ಬಿಸಿಲೇರಿ ನೆಲದ ಮೇಲೆ ಗಾಳಿ ಕುದಿಯೋಕೆ ಶುರುವಾದರೆ 60 ಪಟ್ಟು ದಂಡ. 25ರಲ್ಲೇ ಹೆಚ್ಚು ತಿಳಿಯುತ್ತೆ.

ನೀಳಕೊಕ್ಕು: ನಾಲ್ಕು ಕೆ.ಜಿ. ಹೊತ್ತು ಕೊನೆಗೆ ಕೊಡೋದು ಬಾಯಿಮಾತಿನ ಸಾಕ್ಷಿ. ಲೆನ್ಸ್ ಇದ್ದರೆ ಕೊಕ್ಕಷ್ಟೇ ಅಲ್ಲ, ಹಾರಾಟವೂ ಸಿಗುತ್ತೆ. ಹಾರುವಾಗ ಗ್ರೇಟರ್‌ನ ಕಾಲ್ಬೆರಳುಗಳು ಬಾಲದ ತುದಿಯಾಚೆ ಚೆನ್ನಾಗಿ ಚಾಚಿರುತ್ತವೆ, ಲೆಸ್ಸರ್‌ದು ಬಾಲದಂಚಿನ ಆಸುಪಾಸಿಗೇ ನಿಲ್ಲುತ್ತವೆ. ಸ್ಕೋಪಿನಲ್ಲಿ ಇದನ್ನು ಹಿಡಿಯಿರಿ ನೋಡೋಣ. ಶಟರ್ 1/2000 ಅಥವಾ ಅದಕ್ಕೂ ವೇಗ, ಒಂದರ ಹಿಂದೊಂದು ಫ್ರೇಮ್ ಹೊಡೆಯುವ ಬರ್ಸ್ಟ್ ಮೋಡ್. ಬಿಸಿಲಲ್ಲಿ ಬಿಳಿ ಹೊಟ್ಟೆ ಸುಟ್ಟುಹೋಗದಂತೆ ಎಕ್ಸ್‌ಪೋಷರ್ ಅರ್ಧ ಸ್ಟಾಪ್ ಇಳಿಸಿ, ಆದರೆ ಅದಕ್ಕಿಂತ ಇಳಿಸಿದರೆ ಕಾಲಿನ ಬಣ್ಣ ಕಪ್ಪಲ್ಲಿ ಮುಳುಗುತ್ತೆ.

ಉಪ್ಪುಗಾಳಿ: ಲೆನ್ಸ್ ಹಿಡಿದವರು ಮಾಡೋ ತಪ್ಪನ್ನೂ ಹೇಳಬೇಕಿತ್ತು. ಹಕ್ಕಿ ತಲೆಯನ್ನು ಒಂಚೂರು ನಮ್ಮ ಕಡೆ ತಿರುಗಿಸಿದರೆ ಸಾಕು, ಫೋಟೊದಲ್ಲಿ ಕೊಕ್ಕು ಗಿಡ್ಡವಾಗಿ ಗ್ರೇಟರ್ ಹೋಗಿ ಲೆಸ್ಸರ್ ಆಗುತ್ತೆ. ಗಾತ್ರದ್ದು ಇನ್ನೊಂದು ಮೋಸ. ಒಂದೇ ಅಳತೆಯ ಎರಡು ಹಕ್ಕಿ ಹಿಂದೆ ಮುಂದೆ ನಿಂತಿದ್ದರೆ, ಉದ್ದದ ಲೆನ್ಸಿನಲ್ಲಿ ಹಿಂದಿನದೇ ದೊಡ್ಡದಾಗಿ ಕಾಣುತ್ತೆ. ಅಂಥ ಚಿತ್ರ ಹಾಕಿ "ಎರಡೂ ಪಕ್ಕಪಕ್ಕ" ಅಂತ ಬರೆದದ್ದು ನೋಡಿ ನೋಡಿ ಸಾಕಾಗಿದೆ.

ನೀಳಕೊಕ್ಕು: ಅದಕ್ಕೇ ಸ್ವಾಮಿ ಒಂದಲ್ಲ, ಹತ್ತು ಫ್ರೇಮ್ ತೆಗೆಯೋದು. ಕಣ್ಣು ಪೂರ್ತಿ ದುಂಡಗೆ ಕಂಡ ಫ್ರೇಮ್ ಮಾತ್ರ ಅಳತೆಗೆ, ಅಂಡಾಕಾರ ಕಂಡರೆ ಪಕ್ಕಕ್ಕೆ. ಸ್ಕೋಪಿನಲ್ಲಿ ಹಕ್ಕಿ ತಲೆ ತಿರುಗಿಸೋದೇ ಇಲ್ಲವೇ?

ಕೆಸರಂಚು: ಇಬ್ಬರೂ ಉಪಕರಣದ ಜಗಳದಲ್ಲಿ ನೀರನ್ನೇ ಮರೆತಿರಿ. ಭರತದ ಎರಡು ಗಂಟೆ ಮೊದಲೇ ಹೋಗಿ ಕೂರಬೇಕು. ನೀರು ಏರುತ್ತ ಬಂದಂತೆ ಹಕ್ಕಿಗಳನ್ನು ತಾನೇ ನಿಮ್ಮ ಹತ್ತಿರಕ್ಕೆ ತಳ್ಳುತ್ತೆ, 8×42ರಲ್ಲೇ ಕೆಲಸ ಆಗುತ್ತೆ. ಇಳಿತದಲ್ಲಿ ಹೋದರೆ ಅವು ಕೆಸರಿನ ಆ ತುದಿಯಲ್ಲಿ ಬರೀ ಚುಕ್ಕಿ. ಪೂರ್ತಿ ಭರತಕ್ಕೆ ಹೋದರೆ ಒತ್ತಾಗಿ ನಿಂತು, ಕೊಕ್ಕನ್ನು ಬೆನ್ನಿನ ಗರಿಯೊಳಗೆ ತೂರಿಸಿ, ಒಂದು ಕಾಲು ಮಡಚಿ ನಿದ್ದೆ. ಆಗ ಕೊಕ್ಕೆಲ್ಲಿ, ಬೆರಳೆಲ್ಲಿ? ಸೂರ್ಯ ಬೆನ್ನಿಗಿರಲಿ. ಎದುರು ಬೆಳಕಲ್ಲಿ ಎಲ್ಲ ಕಾಲೂ ಕಪ್ಪೇ.

ಗ್ರೇಟರ್ ಕಾಲು ಹಸಿರು-ಹಳದಿ, ಲೆಸ್ಸರ್‌ದು ಗಾಢ ಬೂದು ಅನ್ನೋ ಮಾತನ್ನೂ ನೆಚ್ಚಬೇಡಿ. ಹಸಿ ಕೆಸರು ಮೆತ್ತಿದರೆ ಹಳದಿ ಕಪ್ಪಾಗುತ್ತೆ, ಒಣಗಿದರೆ ಕಪ್ಪೂ ಮಾಸಲು ಹಳದಿ. ಸ್ಟಿಂಟ್ ಅನ್ನೋ ಪುಟಾಣಿ ತೀರಹಕ್ಕಿಗಳಲ್ಲೂ ಇದೇ ಎಡವಟ್ಟು. ಲಿಟಲ್ ಸ್ಟಿಂಟ್ ಕಾಲು ಕಪ್ಪು, ಟೆಮಿಂಕ್ಸ್ ಕಾಲು ಹಳದಿ ಅಂತ ಅಷ್ಟಕ್ಕೇ ತೀರ್ಪು ಕೊಡುತ್ತಾರೆ. ಹಾರುವವರೆಗೆ ಕಾಯಿರಿ. ಬಾಲದ ಎರಡೂ ಅಂಚು ಅಚ್ಚಬಿಳಿ ಇದ್ದು, ಕೀಟದಂತೆ ಟ್ರಿರ್ರ್ ಅಂದರೆ ಟೆಮಿಂಕ್ಸ್.

ಎಂಟು-ನಲವತ್ತೆರಡು: ಇದು ಸರಿಯಾದ ಮಾತು. ಹೀಗೇ ಒಂದನ್ನೊಂದು ಹೋಲುವ ವುಡ್ ಮತ್ತು ಗ್ರೀನ್ ಸ್ಯಾಂಡ್‌ಪೈಪರ್‌ಗೂ ಸ್ಕೋಪ್ ಬೇಡ. ವುಡ್‌ಗೆ ಬಿಳಿ ಹುಬ್ಬು ಕಣ್ಣು ದಾಟಿ ಹಿಂದಕ್ಕೆ ಹೋಗುತ್ತೆ, ಗ್ರೀನ್‌ಗೆ ಕಣ್ಣಿನ ಹತ್ತಿರವೇ ಮುಗಿಯುತ್ತೆ. ಗರಿ ತಿದ್ದಿಕೊಂಡಮೇಲೆ ರೆಕ್ಕೆಗಳನ್ನು ಒಂದು ಕ್ಷಣ ಮೇಲೆತ್ತುತ್ತಲ್ಲ, ಅಲ್ಲಿ ಕಣ್ಣಿಡಿ. ಅಡಿಭಾಗ ಮಸಿಯಷ್ಟು ಕಪ್ಪಿದ್ದರೆ ಗ್ರೀನ್, ಮಾಸಲು ಬಿಳಿ ಇದ್ದರೆ ವುಡ್.

ನೀಳಕೊಕ್ಕು: ಕೇಳಿದ್ದು ಪ್ಲೋವರ್, ಹೇಳ್ತಿರೋದು ಸ್ಯಾಂಡ್‌ಪೈಪರ್. ಅಂದಹಾಗೆ ಲೆಸ್ಸರ್ ಅನ್ನೋ ಹೆಸರೇ ಹಳತಾಯಿತು. ಅದನ್ನು ಸೈಬೀರಿಯನ್, ಟಿಬೆಟನ್ ಅಂತ ಎರಡು ಜಾತಿ ಮಾಡಿದ್ದಾರೆ.

ಉಪ್ಪುಗಾಳಿ: ಮಾಡಲಿ. ಚಳಿಗಾಲದ ಬಣ್ಣದಲ್ಲಿ ಅವೆರಡನ್ನು ಬಯಲಲ್ಲಿ ಬೇರ್ಪಡಿಸುತ್ತೇನೆ ಅಂತ ಎದೆ ತಟ್ಟಬೇಡಿ. ಮರಿ ಮಾಡುವ ಕಾಲದ ಬಣ್ಣ ಬಂದಾಗ ಟಿಬೆಟನ್ ಗಂಡಿನ ಹಣೆ ಕಪ್ಪು, ಸೈಬೀರಿಯನ್‌ಗೆ ಹಣೆಯಲ್ಲಿ ಬಿಳಿ ಮಚ್ಚೆ. ಆಗ ಹೇಳಿ.

ನೀಳಕೊಕ್ಕು: ಬೇರ್ಪಡಿಸುತ್ತೇನೆ ಅಂತ ನಾನೆಲ್ಲಿ ಅಂದೆ? ಆದರೆ ನಿಮ್ಮ ಅಳತೆಗೋಲು ಸಡಿಲವಾಗೋದೂ ಅಲ್ಲೇ. ಟಿಬೆಟನ್ ಕೊಕ್ಕು ಸೈಬೀರಿಯನ್‌ಗಿಂತ ಉದ್ದ. ಗ್ರೇಟರ್‌ನಲ್ಲೂ ಪಶ್ಚಿಮದ ಕೊಲಂಬಿನಸ್ ಉಪಜಾತಿಗೆ ಕೊಕ್ಕು ಸಣ್ಣದು. ಆ ಎರಡು ಎದುರಾದರೆ ಕೊಕ್ಕೊಂದರಿಂದ ತೀರ್ಮಾನವಾಗಲ್ಲ, ಕಾಲ್ಬೆರಳು ನೋಡಲೇಬೇಕು. ಅಂದರೆ ಹಾರಾಟ, ಅಂದರೆ ಲೆನ್ಸ್.

ಕೆಸರಂಚು: ಹಾರಾಟ ಬೇಕು ಅಂತ ಹಕ್ಕಿಗಳತ್ತ ನಡೆದುಹೋಗಿ ಎಬ್ಬಿಸುವವರಿಗೆ ಇದೇ ನೆಪ. ದಯವಿಟ್ಟು ಹಾಗೆ ಬರೆಯಬೇಡಿ. ಭರತದ ಹೊತ್ತಿನ ಆ ನಿದ್ದೆ ವಲಸೆಗೆ ಕೂಡಿಟ್ಟ ಕೊಬ್ಬನ್ನು ಉಳಿಸಿಕೊಳ್ಳುವ ಹೊತ್ತು. ಗಿಡುಗ ಬಂದರೆ ಅವೇ ಏಳುತ್ತವೆ.

ನೀಳಕೊಕ್ಕು: ಎಬ್ಬಿಸಿ ಅಂತ ನಾನೆಲ್ಲಿ ಬರೆದಿದ್ದೇನೆ? ಆ ಸಾಲು ತೋರಿಸಿ.

ಕೇಳಿದವರು: ಸದ್ಯಕ್ಕೆ ಏನೂ ಕೊಳ್ಳಲ್ಲ. ಭರತಕ್ಕೆ ಎರಡು ಗಂಟೆ ಮೊದಲು ಸೂರ್ಯನನ್ನು ಬೆನ್ನಿಗಿಟ್ಟು ಕೂರುತ್ತೇನೆ. ಪಕ್ಕದಿಂದ ಪೂರ್ತಿ ಕಂಡ ಕೊಕ್ಕುಗಳನ್ನಷ್ಟೇ ಎಣಿಸುತ್ತೇನೆ. ಉಳಿದವನ್ನು "ಸ್ಯಾಂಡ್ ಪ್ಲೋವರ್, ಜಾತಿ ಖಚಿತವಿಲ್ಲ" ಅಂತ ಬರೆದರೆ ಸರಿಯೇ?

ಉಪ್ಪುಗಾಳಿ: ಹಾಗೇ ಬರೆಯಿರಿ. ಇನ್ನೂರರಲ್ಲಿ ನೂರೈವತ್ತು ಅದೇ ಸಾಲಿಗೆ ಹೋದರೂ ಹೋಗಲಿ.

ನೀಳಕೊಕ್ಕು: ನೂರೈವತ್ತು ಜಾಸ್ತಿ ಆಯಿತು.